ಮನೆಯ ಮಾರಾಟವೂ ಮೌನದ ದೋಷವೂ

ಮನುಷ್ಯನು ತನ್ನ ಆಯುಷ್ಯದಲ್ಲಿ ಬಗೆಬಗೆಯ ವಸ್ತುಗಳನ್ನು ಕೊಳ್ಳುವನು. ಅರಿವೆ ಹರಿದರೆ ಬೇರೊಂದನ್ನು ತರಬಹುದು; ಎತ್ತು ಸೋತರೆ ಬರುವ ಜಾತ್ರೆಯಲ್ಲಿ ಮಾರಿ ಇನ್ನೊಂದನ್ನು ಹಿಡಿಯಬಹುದು. ಮನೆಯನ್ನು ಮಾತ್ರ ಬಹುಜನರು ಒಂದೇ ಸಲ ಕೊಳ್ಳುವರು. ಮೂವತ್ತು ವರ್ಷದ ಸಂಬಳದಲ್ಲಿ ಉಳಿಸಿದ ಹಣ, ಹೆಂಡತಿಯ ಮೈಮೇಲಿನ ಬಂಗಾರ, ಬ್ಯಾಂಕಿನಿಂದ ತಂದ ಸಾಲ, ಇವು ಮೂರೂ ಕೂಡಿದರೆ ನಾಲ್ಕು ಗೋಡೆಗಳು ಕೈಗೆ ಬರುವುವು. ಇಂಥ ವ್ಯವಹಾರದಲ್ಲಿ ಒಂದು ವಿಷಮತೆಯುಂಟು. ಮಾರುವವನು ಆ ಮನೆಯಲ್ಲಿ ಹುಟ್ಟಿ ಬೆಳೆದವನು. ಕೊಳ್ಳುವವನು ಅದನ್ನು ಎರಡು ಸಲ, ಹೆಚ್ಚೆಂದರೆ ಮೂರು ಸಲ, ಹಗಲಿನಲ್ಲಿ ನೋಡಿದವನು. ಹೀಗಿರಲು, ಆ ಸ್ವತ್ತಿನ ಮೇಲೆ ಇರುವ ನಿರ್ಬಂಧವನ್ನು ಬಲ್ಲವನು, ಎದುರಿನವನು ಕೇಳದಿದ್ದರೂ, ತಾನಾಗಿ ಹೇಳಲು ಬದ್ಧನೋ ಅಲ್ಲವೋ ಎಂಬುದು ಧರ್ಮವಿಚಾರದಲ್ಲಿ ಹಳೆಯ ಪ್ರಶ್ನೆ.

“ಕೇಳಿದ್ರ ಹೇಳ್ತಿದ್ದೆನ್ರೀ, ನೀವು ಕೇಳಲೇ ಇಲ್ಲಲ್ರೀ” ಎಂಬ ಮಾತು ಈ ಸೀಮೆಯಲ್ಲಿ ಮನೆಯ ವ್ಯವಹಾರ ಕೆಟ್ಟ ಮೇಲೆ ಕೇಳಿಬರುವ ಮಾತು. ಇದನ್ನು ಕೇವಲ ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇದಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಬಲ್ಲವರೂ ಉಂಟು. ಕೇಳದ ಹೊರತು ಯಾರಿಗೂ ಹೇಳಬಾರದೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ವಿಧಿಯುಂಟು. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ನಾಲ್ಕನೆಯ ಅಧ್ಯಾಯದ ಮಾತಂತೂ ಶಾಲೆಯ ಹುಡುಗರಿಗೂ ಬಾಯಿಪಾಠ. ಪ್ರಕರಣವನ್ನು ಬಿಟ್ಟು ವಚನವನ್ನು ಹಿಡಿದರೆ ಯಾವ ಶಾಸ್ತ್ರದಿಂದಲೂ ಯಾವ ಅರ್ಥವನ್ನಾದರೂ ಹಿಂಡಬಹುದು! ಮೊದಲನೆಯದು ವಿದ್ಯಾದಾನದ ಪ್ರಕರಣದಲ್ಲಿ ಬಂದುದು. ಗುರುವು ಅಪಾತ್ರನಿಗೆ ವಿದ್ಯೆಯನ್ನು ಚೆಲ್ಲಬಾರದೆಂಬುದು ಅದರ ತಾತ್ಪರ್ಯ. ಎರಡನೆಯದು ಸ್ನಾತಕನ ನಡೆನುಡಿಗೆ ಸಂಬಂಧಿಸಿದುದು. ವ್ಯವಹಾರಕ್ಕೆಂದೇ ಮೀಸಲಾದ ಎಂಟನೆಯ ಅಧ್ಯಾಯವನ್ನು ತೆರೆದರೆ ಬೇರೆಯೇ ಧ್ವನಿ ಕೇಳುವುದು: ಸಭೆಯನ್ನು ಹೊಗದಿರಲು ಮನುಷ್ಯನು ಸ್ವತಂತ್ರನು, ಹೊಕ್ಕ ಮೇಲೆ ಬಾಯಿ ಮುಚ್ಚಿ ಕುಳಿತವನೂ ಸುಳ್ಳಾಡಿದವನೂ ಸಮಾನ ದೋಷಿಗಳು. ಅದು ನ್ಯಾಯಸಭೆಯ ಮಾತು, ಪೇಟೆಯದಲ್ಲ ಎಂದು ಆಕ್ಷೇಪಿಸಬಹುದು. ಹಾಗಾದರೆ ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯವು ಪೇಟೆಯ ಮಾತನ್ನೇ ಆಡುವುದು. ದೋಷವುಳ್ಳ ವಸ್ತುವನ್ನು ನಿರ್ದೋಷವೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ಅಲ್ಲಿ ಹೇಳಿದೆ. ‘ಎಂಬಂತೆ’ ಎಂಬ ಪದವು ಗಮನಾರ್ಹವಾದುದು. ನಿರ್ದೋಷವೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿರ್ದೋಷ ವಸ್ತುವಿನ ಬೆಲೆಯನ್ನು ಕೇಳಿ ಸುಮ್ಮನಿದ್ದರೆ ಸಾಕು, ಹೇಳಿದಂತೆಯೇ ಆಯಿತು. ಮೌನವು ಸಮ್ಮತಿಯ ಲಕ್ಷಣವೆಂದು ಲೋಕವೇ ಒಪ್ಪಿರುವಾಗ, ಬೆಲೆ ಕಟ್ಟಿದವನ ಮೌನವನ್ನು ‘ಏನೂ ತೊಡಕಿಲ್ಲ’ ಎಂಬ ಉತ್ತರವಾಗಿ ಕೊಳ್ಳುವವನು ತಿಳಿದುಕೊಂಡರೆ ತಪ್ಪು ಆತನದಲ್ಲ.

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ದೂರದ ಕಾಶಿಯವನಲ್ಲ. ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. ೧೦೭೬–೧೧೨೬) ಆಳುತ್ತಿದ್ದಾಗ ಕಲ್ಯಾಣದಲ್ಲಿ ಇದ್ದವನು, ಕಲಬುರಗಿ ಜಿಲ್ಲೆಯ ಮರತೂರಿನೊಡನೆ ಆತನ ಹೆಸರು ಇಂದಿಗೂ ಹೊಂದಿಕೊಂಡಿದೆ. ಭೂಮಿಯು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದಕ್ಕೆ ಆರು ಉಪಾಧಿಗಳನ್ನು ಹೇಳುವ ಒಂದು ಹಳೆಯ ವಚನವನ್ನು ಆತನು ಎತ್ತಿಕೊಂಡು ವಿಚಾರಿಸಿದ್ದಾನೆ. ಊರವರು, ಜ್ಞಾತಿಗಳು, ನೆರೆಹೊಲದವರು, ದಾಯಾದರು ಈ ನಾಲ್ವರ ಸಮ್ಮತಿ. ಆ ಮೇಲೆ ಹಿರಣ್ಯ ಮತ್ತು ಉದಕಗಳ ದಾನ. ಓದಿದೊಡನೆ, ತನ್ನ ಸ್ವತ್ತನ್ನು ಮಾರಲು ಊರೆಲ್ಲರ ಅಪ್ಪಣೆ ಏಕೆಂದು ತೋರುವುದು. ವಿಜ್ಞಾನೇಶ್ವರನ ಸಮಾಧಾನವು ಬಹು ಸೂಕ್ಷ್ಮವಾದುದು. ಊರವರ ಸಮ್ಮತಿಯು ವ್ಯವಹಾರವು ಪ್ರಕಾಶವಾಗಲೆಂದು ಮಾತ್ರ. ಅದಿಲ್ಲದಿದ್ದರೆ ವ್ಯವಹಾರವೇ ಅಸಿದ್ಧವೆಂದು ಅರ್ಥವಲ್ಲ. ನೆರೆಯವರ ಸಮ್ಮತಿಯು ಎಲ್ಲೆಕಟ್ಟಿನ ಜಗಳ ಹುಟ್ಟದಿರಲೆಂದು. ಪಾಲಾಗಿ ಹೋದ ಜ್ಞಾತಿಗಳ ಸಮ್ಮತಿಯು, ಇವರು ವಿಭಕ್ತರೋ ಅವಿಭಕ್ತರೋ ಎಂಬ ಸಂಶಯ ಮುಂದೆ ತಲೆಯೆತ್ತದಿರಲೆಂದು. ಎಂದರೆ ಈ ಸಮ್ಮತಿಗಳೆಲ್ಲ ಮಾರುವವನ ಅಧಿಕಾರವನ್ನು ಕುಗ್ಗಿಸುವುದಕ್ಕಾಗಿ ಇದ್ದವಲ್ಲ. ಕೊಳ್ಳುವವನ ಕಣ್ಣು ತೆರೆಯುವುದಕ್ಕಾಗಿ ಇದ್ದವು. ಒಂಬತ್ತು ಶತಮಾನಗಳ ಹಿಂದೆ ಈ ನೆಲದಲ್ಲೇ ಕುಳಿತು ಒಬ್ಬನು ಬೆಳಕೇ ಮುಖ್ಯ, ಅಪ್ಪಣೆ ಮುಖ್ಯವಲ್ಲ ಎಂದು ಬರೆದಿಟ್ಟನು.

ಆಳಂದ ತಾಲೂಕಿನ ಭೂಸನೂರಿನಂಥ ಊರಿನಲ್ಲಿ ಈ ಪ್ರಕಾಶವು ಪುಸ್ತಕಕ್ಕೆ ಮಾತ್ರ ಸೇರಿದುದಲ್ಲ. ಇಲ್ಲಿ ಒಂದು ಮನೆ ಮಾರಾಟಕ್ಕೆ ಬಂದಿತೆಂದರೆ ಗುಡಿಯ ಕಟ್ಟೆಯ ಮೇಲೆ ಅದರ ಜಾತಕವೇ ಬಿಚ್ಚಿಕೊಳ್ಳುವುದು. ಯಾವ ಗೋಡೆ ಇಬ್ಬರ ಪಾಲಿನದು, ಯಾರ ಬಚ್ಚಲ ನೀರು ಯಾರ ಹಿತ್ತಲಿಗೆ ಹರಿಯಬೇಕು, ಯಾವ ತಂಗಿ ತವರಿನ ಪಾಲನ್ನು ಇನ್ನೂ ಬಿಟ್ಟುಕೊಟ್ಟಿಲ್ಲ, ಯಾವ ಜಾಗವು ಮೊದಲು ಇನಾಮದ್ದಾಗಿತ್ತು, ಇವೆಲ್ಲವನ್ನೂ ಮುದುಕರು ಕೇಳದೆಯೇ ಹೇಳುವರು. ಅಂಥಲ್ಲಿ ಮಾರುವವನ ಮೌನಕ್ಕೆ ಬೆಲೆಯೇ ಇಲ್ಲ. ಊರಿನ ಬಾಯಿ ಅದನ್ನು ನುಂಗಿಬಿಡುವುದು. ಇದನ್ನು ಹೇಳುವಾಗ ಹಳೆಯ ಊರನ್ನು ಸ್ವರ್ಗವೆಂದು ಬಣ್ಣಿಸುವುದು ಸಲ್ಲದು. ಊರವರ ಸಮ್ಮತಿಯ ಹೆಸರಿನಲ್ಲಿಯೇ ಕೆಲವು ಓಣಿಗಳಲ್ಲಿ ಕೆಲವರಿಗೆ ಮನೆ ಸಿಗದಂತೆ ಮಾಡಿದುದೂ ಉಂಟು, ಅದಕ್ಕೆ ಯಾವ ಕಾಗದವೂ ಸಾಕ್ಷಿಯಿಲ್ಲ. ವಿಜ್ಞಾನೇಶ್ವರನು ಸಮ್ಮತಿಯನ್ನು ಪ್ರಕಾಶದ ಮಟ್ಟಿಗೆ ನಿಲ್ಲಿಸಿದುದರ ಬೆಲೆ ಆಗ ಇನ್ನಷ್ಟು ತಿಳಿಯುವುದು.

ಅದೇ ಭೂಸನೂರಿನ ಗೃಹಸ್ಥನೊಬ್ಬನು ಮಕ್ಕಳ ಓದಿಗಾಗಿ ಕಲಬುರಗಿಯಲ್ಲಿ ಮನೆ ಕೊಳ್ಳಹೊರಟನೆಂದು ಭಾವಿಸಬಹುದು. ಅಲ್ಲಿ ಕಟ್ಟೆಯೂ ಇಲ್ಲ, ಮುದುಕರೂ ಇಲ್ಲ. ಇರುವವನು ದಲ್ಲಾಳಿ; ಇರುವುದು ಕಾಗದ. ಕೋಟೆಯ ಸಮೀಪದಲ್ಲಿ ಒಂದು ಹಳೆಯ ಮನೆ, ಶಹಾಬಾದ ಕಲ್ಲಿನ ನೆಲ, ಗಟ್ಟಿ ಗೋಡೆ, ಮಧ್ಯಮ ಬೆಲೆ. ಕೆಡವಿ ಎರಡು ಅಂತಸ್ತು ಕಟ್ಟಿದರೆ ಕೆಳಗೆ ತಾವಿರಬಹುದು, ಮೇಲಿನದನ್ನು ಬಾಡಿಗೆಗೆ ಕೊಟ್ಟು ಸಾಲ ತೀರಿಸಬಹುದೆಂಬ ಲೆಕ್ಕ. ಆ ಲೆಕ್ಕವನ್ನು ಆತನು ಮಾರುವವನ ಎದುರಿಗೇ ಬಾಯಿಬಿಟ್ಟು ಹೇಳುವನು. ಮೂವತ್ತು ವರ್ಷದ ಋಣಭಾರ ಪತ್ರವನ್ನು ತೆಗೆಸಿದರೆ ಒಂದು ಕಲೆಯೂ ಇಲ್ಲ. ಇಸಾರ ಕೊಟ್ಟು, ಖರೀದಿಪತ್ರ ನೋಂದಾಯಿಸಿ, ನಕ್ಷೆ ಹಿಡಿದು ಪರವಾನಗಿಗೆ ಹೋದಾಗ ವಿಷಯ ಹೊರಬೀಳುವುದು. ಕಲಬುರಗಿಯ ಕೋಟೆ, ಅದರೊಳಗಿನ ಜಾಮಿಯಾ ಮಸೀದಿ, ಊರಿನ ಹಫ್ತ್ ಗುಂಬಜ್ ಇವು ಕೇಂದ್ರ ಸರಕಾರದ ರಕ್ಷಿತ ಸ್ಮಾರಕಗಳು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾನೂನಿಗೆ ೨೦೧೦ರಲ್ಲಿ ಮಾಡಿದ ತಿದ್ದುಪಡಿಯಂತೆ ರಕ್ಷಿತ ಎಲ್ಲೆಯಿಂದ ೧೦೦ ಮೀಟರುಗಳೊಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಯ ೨೦೦ ಮೀಟರುಗಳಲ್ಲಿ ಅನುಮತಿಯ ಮೇಲೆ ಮಾತ್ರ. ಹಳೆಯ ಮನೆಯ ದುರಸ್ತಿಗೂ ಅಧಿಕಾರಿಯ ಒಪ್ಪಿಗೆ ಬೇಕು. ಸ್ಮಾರಕಗಳು ಉಳಿಯಬೇಕಾದವು, ಆ ಕಾನೂನನ್ನು ನಿಂದಿಸಲು ಕಾರಣವಿಲ್ಲ. ಆದರೆ ಈ ನಿರ್ಬಂಧವು ಖರೀದಿಪತ್ರದಲ್ಲಿ ಕಾಣುವಂಥದಲ್ಲ, ಋಣಭಾರ ಪತ್ರದಲ್ಲಿಯೂ ಕಾಣದು. ಗೋಡೆಯ ಮೇಲೆ ಬರೆದಿಲ್ಲ. ಅಲ್ಲೇ ಬಾಳಿದವನಿಗೆ ಮಾತ್ರ, ನೆರೆಯವನಿಗೆ ಪರವಾನಗಿ ಸಿಗದೆ ಹೋದ ವರ್ಷದಿಂದ, ಚೆನ್ನಾಗಿ ಗೊತ್ತು. ಕೊಳ್ಳುವವನು ಎರಡು ಅಂತಸ್ತಿನ ಮಾತೆತ್ತಿದಾಗ ಮಾರುವವನು ಚಹಾ ತರಿಸಿದನೇ ಹೊರತು ತುಟಿ ಬಿಚ್ಚಲಿಲ್ಲ.

ಇದು ಒಂದು ಬಗೆ. ನಿರ್ಬಂಧಗಳ ಬಗೆಗಳು ಇನ್ನೂ ಉಂಟು, ಈ ಸೀಮೆಯಲ್ಲಿ ಅವು ಪದರು ಪದರಾಗಿವೆ. ೧೯೪೯ರಲ್ಲಿ ಹೈದರಾಬಾದ ಸಂಸ್ಥಾನದ ಜಾಗೀರುಗಳು ರದ್ದಾದವು, ೧೯೫೫ರ ಕಾನೂನಿನಿಂದ ಇನಾಮುಗಳು ಹೋದವು, ೧೯೫೬ರ ನವೆಂಬರ ೧ರಂದು ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಸೇರಿತು. ಒಂದೊಂದು ಬದಲಾವಣೆಯೂ ಒಂದೊಂದು ದಫ್ತರನ್ನು ಬಿಟ್ಟುಹೋಯಿತು. ಮೊದಲಿನವು ಉರ್ದುವಿನಲ್ಲಿ, ಇಂದಿನ ಕೊಳ್ಳುವವರಲ್ಲಿ ಬಹುಮಂದಿಗೆ ಓದಲಾಗದವು. ಹೊಲವನ್ನು ಬಿನ್‌ಶೇತಕಿ ಮಾಡಿಸದೆ ತುಂಡು ತುಂಡಾಗಿ ಪ್ಲಾಟು ಹಾಕಿ ಮಾರುವುದಂತೂ ಊರೂರಿಗೆ ಹಬ್ಬಿದೆ. ಪಂಚಾಯತಿಯ ನಮೂನೆ ೧೧ರಲ್ಲಿ ‘ಎ’ ಎಂದೂ ‘ಬಿ’ ಎಂದೂ ಭೇದವಿದ್ದು, ಆ ಒಂದು ಅಕ್ಷರದ ಮೇಲೆ ಸಾಲವೂ ಪರವಾನಗಿಯೂ ನಿಂತಿರುವುದೆಂದು ಹಣ ಕೊಟ್ಟ ಮೇಲೆ ತಿಳಿಯುವವರೇ ಹೆಚ್ಚು. ಪರಿಶಿಷ್ಟ ಜಾತಿ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮೀರಿ ಕೊಂಡರೆ ೧೯೭೮ರ ಕಾನೂನಿನ ಪ್ರಕಾರ ಆ ಮಾರಾಟವೇ ಶೂನ್ಯ. ೨೦೨೩ರ ತಿದ್ದುಪಡಿಯ ನಂತರ ಕಾಲ ಕಳೆಯಿತೆಂಬ ನೆಪವೂ ನಡೆಯದು. ಬಡವನ ಭೂಮಿ ಕೈಬಿಟ್ಟು ಹೋಗದಿರಲೆಂದು ಮಾಡಿದ ನ್ಯಾಯವಾದ ಕಾನೂನದು. ಅಂಥ ಭೂಮಿಯನ್ನು ಅಗ್ಗಕ್ಕೆ ಹಿಡಿದು, ಮೇಲೆ ಮನೆ ಕಟ್ಟಿ, ಪೂರ್ಣ ಬೆಲೆಗೆ ಮಾರುವ ನಡುವಿನವನಿಗೆ ಅದರ ಮೂಲ ತಿಳಿಯದಿರುವುದು ಅಪರೂಪ. ಕೊನೆಗೆ ಕೊಂಡವನು ಬೀದಿಗೆ ಬೀಳುವನು, ಮಂಜೂರುದಾರನೂ ವರ್ಷಗಟ್ಟಲೆ ಕಚೇರಿಗೆ ಅಲೆಯುವನು. ಹೆಣ್ಣುಮಕ್ಕಳ ಪಾಲಿನ ಮಾತು ಇನ್ನೊಂದು. ಜನ್ಮದಿಂದಲೇ ಹಕ್ಕೆಂದು ಮಿತಾಕ್ಷರೆಯು ಗಂಡುಮಕ್ಕಳಿಗೆ ಹೇಳಿದುದನ್ನು ಕರ್ನಾಟಕವು ೧೯೯೪ರಲ್ಲಿ, ಇಡೀ ದೇಶವು ೨೦೦೫ರಲ್ಲಿ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆದರೂ ಪಿತ್ರಾರ್ಜಿತ ಮನೆಯನ್ನು ಅಣ್ಣತಮ್ಮಂದಿರು ಮಾರುವಾಗ ಅಕ್ಕತಂಗಿಯರ ಹೆಸರೇ ಬಾರದಂತೆ ವಂಶವೃಕ್ಷ ಬರೆಯಿಸುವುದುಂಟು. ಅಲ್ಲಿ ಮೌನವು ಇಬ್ಬರನ್ನು ವಂಚಿಸುವುದು, ಕೊಳ್ಳುವವನನ್ನೂ, ಒಡಹುಟ್ಟಿದವಳನ್ನೂ.

ಕಾನೂನು ಈ ಮೌನವನ್ನು ಹೇಗೆ ಕಾಣುವುದೆಂಬುದು ಕುತೂಹಲಕರವಾದುದು. ೧೮೭೨ರ ಕರಾರು ಕಾನೂನಿನಲ್ಲಿ ಕೇವಲ ಮೌನವು ವಂಚನೆಯಲ್ಲ. ಕುದುರೆಯ ರೋಗವನ್ನು ಬಲ್ಲ ಒಡೆಯನು ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ದೋಷವಿಲ್ಲವೆಂದು ಅದರಲ್ಲಿಯೇ ದೃಷ್ಟಾಂತ ಕೊಟ್ಟಿದೆ; ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಆತನ ಮಗಳಾದರೆ ಮಾತ್ರ ಹೇಳಬೇಕಾದುದು ಕರ್ತವ್ಯವಂತೆ. ಅಂತೂ ಮಗಳಿಗೆ ಒಂದು ಧರ್ಮ, ಲೋಕಕ್ಕೆ ಇನ್ನೊಂದು! ಹತ್ತೇ ವರ್ಷದ ಮೇಲೆ, ೧೮೮೨ರ ಸ್ವತ್ತು ವರ್ಗಾವಣೆಯ ಕಾನೂನು ಬೇರೆ ಮಾತನಾಡಿತು. ಸ್ವತ್ತಿನಲ್ಲಿಯಾಗಲಿ ತನ್ನ ಹಕ್ಕಿನಲ್ಲಿಯಾಗಲಿ ಇರುವ ಮುಖ್ಯ ದೋಷವನ್ನು ಮಾರುವವನು ಬಲ್ಲವನಾಗಿ, ಕೊಳ್ಳುವವನು ಅರಿಯದವನಾಗಿ, ಸಾಮಾನ್ಯ ಎಚ್ಚರದಿಂದ ಅದು ಕಾಣಲಾಗದ್ದಾಗಿದ್ದರೆ, ಅದನ್ನು ಹೇಳಲೇಬೇಕು. ಹೇಳದಿರುವುದು ವಂಚನೆಯೆಂದು ಅದರ ೫೫ನೆಯ ಕಲಮು ಸ್ಪಷ್ಟವಾಗಿ ನುಡಿಯುವುದು. ಕುದುರೆಗೆ ಇಲ್ಲದ ಗೌರವವು ಮನೆಗೆ ಬಂದಿತು. ಜಾತ್ರೆಯಲ್ಲಿ ದಲ್ಲಾಳಿಯು ಕೈಮೇಲೆ ವಸ್ತ್ರ ಹೊದಿಸಿ ಬೆರಳು ಹಿಡಿದು ಬೆಲೆಯನ್ನು ಗುಟ್ಟಾಗಿ ಇಟ್ಟರೂ, ಎತ್ತಿನ ಹಲ್ಲನ್ನೂ ಸುಳಿಯನ್ನೂ ಯಾರು ಬೇಕಾದರೂ ನೋಡಬಹುದು. ಮನೆಯ ಸುಳಿಗಳು ಕಣ್ಣಿಗೆ ಬೀಳುವಂಥವಲ್ಲ. ಈ ಭೇದವೇ ಆ ಎರಡು ಕಾನೂನುಗಳ ಭೇದಕ್ಕೆ ಸಮರ್ಥನೆಯಾಗಬಹುದು.

ಆದರೆ ‘ಸಾಮಾನ್ಯ ಎಚ್ಚರ’ ಎಂಬ ಎರಡು ಪದಗಳಲ್ಲಿ ಒಂದು ಓಣಿಯೇ ತೆರೆದಿದೆ. ನೋಂದಣಿಯಾದುದನ್ನು ಎಲ್ಲರೂ ಬಲ್ಲರೆಂದು ಕಾನೂನು ಎಣಿಸುವುದು. ೧೦೦ ಮೀಟರಿನ ನಿಷೇಧವು ಸಂಸತ್ತು ಮಾಡಿದ ಶಾಸನ, ಶಾಸನವನ್ನು ಅರಿಯದವನು ಯಾರು ಎಂದು ಮಾರುವವನ ವಕೀಲನು ವಾದಿಸಬಹುದು. ಆ ವಾದವು ಗೆದ್ದರೂ ಗೆಲ್ಲಬಹುದು. ಧರ್ಮದ ಲೆಕ್ಕವು ಅಲ್ಲಿಗೆ ಮುಗಿಯದು. ‘ನೀನು ಹುಡುಕಿದ್ದರೆ ಸಿಗುತ್ತಿತ್ತು’ ಎಂಬುದು ಕೊಳ್ಳುವವನ ಅಜಾಗ್ರತೆಯನ್ನು ತೋರಿಸುವುದೇ ಹೊರತು ಮಾರುವವನ ಮನಸ್ಸನ್ನು ತೊಳೆಯುವುದಿಲ್ಲ. ಕುರುಡನು ಬಾವಿಯ ಕಡೆಗೆ ನಡೆಯುವಾಗ ಕೋಲು ಆಡಿಸಿದ್ದರೆ ಬಾವಿ ತಿಳಿಯುತ್ತಿತ್ತೆಂಬುದು ನಿಜ. ಪಕ್ಕದಲ್ಲಿ ಕಣ್ಣುಳ್ಳವನು ಏಕೆ ಕೂಗಲಿಲ್ಲವೆಂಬ ಪ್ರಶ್ನೆ ಆಗಲೂ ಉಳಿಯುವುದು.

ಹೆಚ್ಚು ಕಡಿಮೆ ಇದೇ ವ್ಯಾಜ್ಯವು ಎರಡು ಸಾವಿರ ವರ್ಷಗಳಿಗೂ ಹಿಂದೆ ರೋಮನಗರದಲ್ಲಿ ನಡೆಯಿತು. ಕ್ರಿ. ಪೂ. ೪೪ರಲ್ಲಿ ಸಿಸಿರೋ ಎಂಬ ಪಂಡಿತನು ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತಾದ ಗ್ರಂಥದಲ್ಲಿ ಅದನ್ನು ಹೇಳಿದ್ದಾನೆ. ಅಲ್ಲಿ ಶಕುನ ನೋಡುವ ಅಧಿಕಾರಿಗಳಿದ್ದರು. ಕ್ಲಾಡಿಯಸ್ ಎಂಬವನ ಮನೆಯು ಎತ್ತರವಾಗಿ ತಮ್ಮ ಶಕುನದರ್ಶನಕ್ಕೆ ಅಡ್ಡಿಯಾಗುವುದೆಂದು, ಅಡ್ಡಬಂದ ಭಾಗವನ್ನು ಕೆಡವಬೇಕೆಂದು ಅವರು ಆತನಿಗೆ ಅಪ್ಪಣೆ ಮಾಡಿದರು. ಆತನು ಕೆಡವಲಿಲ್ಲ; ಮನೆಯನ್ನು ಮಾರಾಟಕ್ಕಿಟ್ಟನು. ಕಾಲ್ಪೂರ್ನಿಯಸ್ ಎಂಬವನು ಕೊಂಡನು. ಅಧಿಕಾರಿಗಳು ಅದೇ ಅಪ್ಪಣೆಯನ್ನು ಹೊಸ ಒಡೆಯನಿಗೆ ಕಳುಹಿಸಿದರು, ಆತನು ಕೆಡವಿದನು. ಅಪ್ಪಣೆ ಬಂದ ಮೇಲೆಯೇ ಮನೆ ಮಾರಾಟಕ್ಕೆ ಬಂದಿತೆಂದು ತಿಳಿದಾಗ ದಾವೆ ಹೂಡಿದನು. ನ್ಯಾಯ ಹೇಳಲು ಕುಳಿತವನು ಪ್ರಸಿದ್ಧನಾದ ಕೇಟೋವಿನ ತಂದೆ. ಮಾರುವಾಗ ಆ ವಿಷಯವನ್ನು ಅರಿತಿದ್ದೂ ಹೇಳಲಿಲ್ಲವಾದುದರಿಂದ ಕೊಂಡವನ ನಷ್ಟವನ್ನು ಮಾರಿದವನೇ ತುಂಬಿಕೊಡಬೇಕೆಂದು ಆತನು ತೀರ್ಪಿತ್ತನು. ಶಕುನದ ಹಕ್ಕಿಯ ಜಾಗದಲ್ಲಿ ಸ್ಮಾರಕದ ಎಲ್ಲೆಯನ್ನು ಇಟ್ಟರೆ ಕಲಬುರಗಿಯ ಮನೆಗೂ ರೋಮಿನ ಮನೆಗೂ ಅಂತರ ಅಲ್ಪವೇ. ಅದೇ ಗ್ರಂಥದಲ್ಲಿ ಎದುರುವಾದವೂ ಇದೆ, ಅದು ಬಲವಾಗಿಯೇ ಇದೆ: ಮನೆ ಕೆಟ್ಟದ್ದು, ಬನ್ನಿ ಕೊಳ್ಳಿರಿ ಎಂದು ಡಂಗುರ ಸಾರಿಸುವ ಹುಚ್ಚನುಂಟೇ, ಕೊಳ್ಳೆಂದು ಯಾರಾದರೂ ಬಲಾತ್ಕರಿಸಿದರೇ, ಎಂದು ಡಯೋಜಿನಿಸ್ ಎಂಬ ತತ್ತ್ವಜ್ಞನ ಪಕ್ಷ. ಸಿಸಿರೋ ಕೊಟ್ಟ ಉತ್ತರದ ಸಾರವಿದು: ಸುಮ್ಮನಿರುವುದೆಲ್ಲ ಮರೆಮಾಚುವುದಲ್ಲ; ತನ್ನ ಲಾಭಕ್ಕಾಗಿ, ಎದುರಿನವನಿಗೆ ತಿಳಿಯಬೇಕಾದುದು ತಿಳಿಯದಿರಲೆಂದು ಬಯಸಿ ಸುಮ್ಮನಿರುವುದೇ ಮರೆಮಾಚುವುದು. ಮಾರುವವನು ಚಹಾ ತರಿಸಿದಾಗ ಆತನ ಮನಸ್ಸು ಏನನ್ನು ಬಯಸಿತೆಂಬುದನ್ನು ಈ ಒರೆಗಲ್ಲಿಗೆ ಹಚ್ಚಬಹುದು.

ಇನ್ನು ದಲ್ಲಾಳಿಯ ಮಾತು. ಮನೆ ಕೊಂಡು ಕೈಸುಟ್ಟುಕೊಂಡವರು ಮೊದಲು ಶಪಿಸುವುದು ಈತನನ್ನೇ. ಈತನ ಸ್ಥಿತಿಯನ್ನು ನ್ಯಾಯವಾಗಿ ನೋಡಬೇಕು. ನೂರಕ್ಕೆ ಒಂದೋ ಎರಡೋ ರೂಪಾಯಿ ಆತನ ದುಡಿಮೆ. ಅದೂ ಖರೀದಿಪತ್ರವಾದ ದಿನ ಮಾತ್ರ. ಹತ್ತು ಮನೆ ತೋರಿಸಲು ತಿರುಗಿದ ಬಿಸಿಲಿಗೆ ಬೆಲೆಯಿಲ್ಲ. ಮಾರುವವನು ಆತನಿಗೂ ಪೂರ್ತಿ ಹೇಳುವುದಿಲ್ಲ. ಕೊಳ್ಳುವವನು ಮನೆ ನೋಡಿದ ಮರುದಿನವೇ ಆತನನ್ನು ಬಿಟ್ಟು ನೇರವಾಗಿ ಒಡೆಯನ ಬಳಿಗೆ ಹೋಗುವುದುಂಟು. ದೋಷವನ್ನು ಬಾಯಿಬಿಟ್ಟರೆ ಮಾರುವವನು ಬೇರೆ ದಲ್ಲಾಳಿಯನ್ನು ಹಿಡಿಯುವನು, ಆ ಬೇರೆಯವನು ಸುಮ್ಮನಿದ್ದು ಗಳಿಸುವನು. ಸತ್ಯ ಹೇಳಿದವನಿಗೆ ದಂಡ, ಮೌನಿಗೆ ಬಹುಮಾನ. ಇಂಥ ವ್ಯವಸ್ಥೆಯಲ್ಲಿ ಒಬ್ಬನ ಸ್ವಭಾವವನ್ನು ಮಾತ್ರ ದೂಷಿಸಿ ಫಲವಿಲ್ಲ. ೨೦೧೬ರ ರಿಯಲ್ ಎಸ್ಟೇಟ್ ಕಾನೂನು ಏಜೆಂಟರಿಗೆ ನೋಂದಣಿಯನ್ನೂ, ಸುಳ್ಳು ಹೇಳಿದರೆ ಶಿಕ್ಷೆಯನ್ನೂ ವಿಧಿಸಿತು. ಆದರೆ ಅದು ದೊಡ್ಡ ಯೋಜನೆಗಳಿಗೆ; ಜಾಗವು ೫೦೦ ಚದರ ಮೀಟರನ್ನು ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಯೋಜನೆಯ ನೋಂದಣಿಯೇ ಬೇಕಿಲ್ಲ. ಕೋಟೆಯ ಬದಿಯ ಹಳೆಯ ಮನೆಯನ್ನು ಒಬ್ಬನು ಇನ್ನೊಬ್ಬನಿಗೆ ಮಾರಿಸುವ ಪೇಟೆಯ ದಲ್ಲಾಳಿಯನ್ನು ಅದು ಮುಟ್ಟುವುದಿಲ್ಲ.

ಇಷ್ಟು ಹೇಳಿದ ಮೇಲೂ, ಈತನ ಹೊಣೆ ಮಾರುವವನ ಹೊಣೆಗಿಂತ ಒಂದು ತೂಕ ಹೆಚ್ಚೇ. ಮಾರುವವನಿಂದ ಕೊಳ್ಳುವವನು ಸ್ನೇಹವನ್ನು ನಿರೀಕ್ಷಿಸುವುದಿಲ್ಲ. ಆತನು ಎದುರುಪಕ್ಷವೆಂದು ಬಲ್ಲನು. ದಲ್ಲಾಳಿಯಾದರೋ ಎರಡೂ ಕಡೆಯಿಂದ ಕೂಲಿ ಪಡೆಯುವನು. ಕೊಳ್ಳುವವನು ಆತನಿಗೆ ಕೊಡುವುದು ಬಾಗಿಲು ತೆರೆದು ತೋರಿಸಿದ್ದಕ್ಕಲ್ಲ. ಆ ಓಣಿಯನ್ನು ತಾನು ಅರಿಯೆ, ಆತನು ಬಲ್ಲ ಎಂಬುದಕ್ಕೆ. ಊರಿನ ಕಟ್ಟೆ ಮಾಡುತ್ತಿದ್ದ ಕೆಲಸವನ್ನು ಆತನು ಬೆಲೆಗೆ ವಹಿಸಿಕೊಂಡಿದ್ದಾನೆ. ತಿಳಿವಳಿಕೆಯನ್ನೇ ಮಾರುವವನು ತಿಳಿದುದನ್ನು ಬಚ್ಚಿಟ್ಟರೆ ಹಾಲು ಮಾರುವವನು ನೀರು ಕೊಟ್ಟಂತೆ. ‘ಕೇಳಲಿಲ್ಲ’ ಎಂಬ ಮಾತು ಮಾರುವವನ ಬಾಯಲ್ಲಿ ಅರ್ಧವಾದರೂ ನಿಲ್ಲಬಹುದು. ದಲ್ಲಾಳಿಯ ಬಾಯಲ್ಲಿ ಅದು ನಿಲ್ಲದು, ಏನು ಕೇಳಬೇಕೆಂದು ತಿಳಿಯದ್ದರಿಂದಲೇ ಜನರು ಆತನಲ್ಲಿಗೆ ಬರುವರು.

ಕೊಳ್ಳುವವನೂ ಯಾವಾಗಲೂ ಮುಗ್ಧನಲ್ಲ. ಮಾರುವವನ ಸ್ವತ್ತಿನ ಬೆಲೆಯನ್ನು ಏರಿಸುವ ಹಕ್ಕಿನ ಸಂಗತಿಯನ್ನು ತಾನು ಬಲ್ಲವನಾಗಿ ಮಾರುವವನು ಅರಿಯದಿದ್ದರೆ, ಅದನ್ನು ಹೇಳಬೇಕಾದುದು ಕೊಳ್ಳುವವನ ಮೇಲೆಯೂ ಬಿದ್ದಿದೆ. ಅದೇ ೫೫ನೆಯ ಕಲಮಿನಲ್ಲಿ ಇದೂ ಇದೆ, ಇದನ್ನು ನೆನೆಯುವವರು ಕಡಿಮೆ. ಮುದ್ರಾಂಕ ಶುಲ್ಕ ಉಳಿಸಲು ಬೆಲೆಯನ್ನು ಕಡಿಮೆ ಬರೆಯಿಸುವಾಗ ಇಬ್ಬರೂ ಕೂಡಿಯೇ ಮೌನ ತಾಳುವರು. ಮುಂದೆ ಮನೆ ಕೈತಪ್ಪಿದರೆ ಬರೆದ ಬೆಲೆಗಿಂತ ಹೆಚ್ಚನ್ನು ಕೊಟ್ಟೆನೆಂದು ತೋರಿಸಲು ಸಾಕ್ಷಿ ಸಿಗದು.

ಇಲ್ಲಿಯ ಅತ್ಯಂತ ಕಠಿಣವಾದ ಗಳಿಗೆ ಬರುವುದು ಮೋಸಹೋದವನೇ ಆ ಮನೆಯನ್ನು ಮರಳಿ ಮಾರಹೊರಟಾಗ. ಎರಡು ಅಂತಸ್ತಿನ ಲೆಕ್ಕ ಮುರಿದಿದೆ. ಬ್ಯಾಂಕಿನ ಕಂತು ನಿಂತಿಲ್ಲ. ಮಗಳ ಮದುವೆ ಎದುರಿಗಿದೆ. ತನಗೆ ಯಾರೂ ಹೇಳಲಿಲ್ಲ, ತಾನೊಬ್ಬನೇ ಏಕೆ ಹೇಳಬೇಕೆಂದು ಆತನ ಮನಸ್ಸು ಕೇಳುವುದು; ಕೇಳುವುದು ಸಹಜವೇ. ಆದರೆ ಆತನ ಮೌನವು ಮೊದಲಿನವನ ಮೌನಕ್ಕಿಂತ ಹಗುರವಲ್ಲ. ಮೊದಲಿನವನಿಗೆ ಆ ನೂರು ಮೀಟರಿನ ಅಳತೆ ನಿಶ್ಚಯವಾಗಿ ಗೊತ್ತಿತ್ತೆಂಬುದಕ್ಕೆ ಸಂಶಯವಾದರೂ ಉಂಟು. ಈತನ ಪೆಟ್ಟಿಗೆಯಲ್ಲಿ ಪರವಾನಗಿ ನಿರಾಕರಿಸಿದ ಪತ್ರವೇ ಮಡಿಸಿ ಇಟ್ಟಿದೆ. ಅದನ್ನು ಮೊದಲ ದಿನವೇ ತೋರಿಸಿದರೆ ಬೆಲೆ ಎಷ್ಟು ಇಳಿಯುವುದೋ ಅಷ್ಟು ಆತನ ನಷ್ಟ. ಅದನ್ನು ಮೊದಲು ಮಾರಿದವನಿಂದ ದಾವೆ ಹೂಡಿ ಪಡೆಯಲು ಯತ್ನಿಸಬಹುದು, ದೊರೆಯಲೂಬಹುದು, ದೊರೆಯದಿರಲೂಬಹುದು. ತೋರಿಸದಿದ್ದರೆ ಆ ನಷ್ಟವು ಇನ್ನೂ ಹೆಸರು ತಿಳಿಯದ ಬೇರೊಂದು ಮನೆತನದ ಪಾಲಿಗೆ ಹೋಗುವುದು. ಅವರೂ ಮಕ್ಕಳ ಓದಿಗಾಗಿಯೇ ಹಳ್ಳಿಯಿಂದ ಬಂದವರಾಗಿರಬಹುದು, ಅವರೂ ಏನು ಕೇಳಬೇಕೆಂದು ಅರಿಯದೆ ದಲ್ಲಾಳಿಯ ಹಿಂದೆ ನಡೆದು ಬರುತ್ತಿರಬಹುದು.